ಅಂಕಪಟ್ಟಿಯ ಜೊತೆಗೆ ಆಟವನ್ನೂ ಕೇಳೋಣ

(ಗುತ್ತಲದಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)

 

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಇಷ್ಟು ವರ್ಷ ಅರ್ಜಿ ಬಂದಾಗ ನಾವು ನೋಡಿದ್ದು ಎರಡೇ ಕಾಗದ: ಅಂಕಪಟ್ಟಿ ಮತ್ತು ಆದಾಯ ಪ್ರಮಾಣಪತ್ರ. ಈ ಸಲ ಸಂದರ್ಶನಕ್ಕೆ ಬಂದ ಒಬ್ಬ ತಾಯಿ, "ಸ್ಕಾಲರ್‌ಶಿಪ್ ತಪ್ಪಬಾರದು ಅಂತ ಮಗಳಿಗೆ ಆಟಾ ಬಿಡಿಸೇವ್ರಿ" ಎಂದರು. ಏಳನೇ ತರಗತಿಯವರೆಗೆ ಖೋಖೋ ಆಡುತ್ತಿದ್ದ ಹುಡುಗಿ ಅವಳು. ಈಗ ಶಾಲೆ, ಟ್ಯೂಷನ್, ಮನೆ ಅಷ್ಟೇ, ಸಂಜೆಯಾದರೆ ತಲೆನೋವು. ತಾಯಿ ಹೆಮ್ಮೆಯಿಂದಲೇ ಹೇಳಿದರು. ತಲೆ ತಗ್ಗಿಸಿದವರು ನಾವು. ಬರೀ ಅಂಕ ಕೇಳಿ ಆಟ ಬಿಡಿಸಿದ್ದರಲ್ಲಿ ನಮ್ಮ ಪಾಲೂ ಇದೆ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಓಡಾಡಬೇಕು, ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಶಾಲೆಗೆ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ. ಆದರೆ ಪರೀಕ್ಷೆ ಹತ್ತಿರ ಬಂತೆಂದರೆ ಮೊದಲು ಹೋಗುವುದು ಪಿ.ಟಿ. ಪೀರಿಯಡ್.

ಆಟ ಬೇರೆ, ಪಾಠ ಬೇರೆ ಎಂಬ ಭಾವನೆಯೇ ಇದಕ್ಕೆ ಮೂಲ. ನಮ್ಮ ರಾಜ್ಯವೇ ಇದಕ್ಕೆ ಉತ್ತರ ಕೊಟ್ಟಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಗಳಿಗೆ ಬಂತು. ಅಲ್ಲಿ ಮಕ್ಕಳು ಗುಂಪಾಗಿ ಕೂಡುತ್ತಾರೆ, ಎದ್ದು ಕಾರ್ಡು ತರುತ್ತಾರೆ, ಹಾಡಿ ಕುಣಿದು ಕಲಿಯುತ್ತಾರೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಬೆಂಚಿಗೆ ಅಂಟಿಕೊಳ್ಳುತ್ತಾರೆ. ಕುಣಿಯುತ್ತ ಕಲಿತ ಮಗು ಮುಂದೆಯೂ ಹಾಗೆ ಏಕೆ ಕಲಿಯಬಾರದು?

ಶಿಕ್ಷಕರಲ್ಲಿ ನಮ್ಮ ವಿನಂತಿ ಇಷ್ಟೇ. ಕ್ಷೇತ್ರಫಲದ ಪಾಠ ಬಂದಾಗ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯಿರಿ. ಮಹಿಳೆಯರ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಮಕ್ಕಳೇ ಅಳೆದು ಸುಣ್ಣದ ಗೆರೆ ಹಾಕಲಿ. ಸುತ್ತಳತೆ 40 ಮೀಟರ್, ಕ್ಷೇತ್ರಫಲ 96 ಚದರ ಮೀಟರ್ ಎಂಬುದು ಆಮೇಲೆ ಮರೆಯುವುದಿಲ್ಲ. ಅದೇ ಅಂಕಣದಲ್ಲಿ ಸಂಜೆ ಆಟವೂ ಆಯಿತು. ವಿಜ್ಞಾನದಲ್ಲಿ ಹೃದಯದ ಪಾಠವೇ? ಕುಳಿತಾಗ 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಲಿ. ಒಂದು ನಿಮಿಷ ಹಗ್ಗ ಜಿಗಿದು ಮತ್ತೆ ಎಣಿಸಲಿ. ಮಗ್ಗಿಯನ್ನು ಕುಂಟುತ್ತ ಹೇಳಿಸಿ. ಇದಕ್ಕೆ ಬೇಕಾದದ್ದು ಸುಣ್ಣ, ಹಗ್ಗ, ಒಂದು ಟೇಪು. ಉಬ್ಬಸ ಅಥವಾ ಹೃದಯದ ತೊಂದರೆ ಇರುವ ಮಕ್ಕಳಿಗೆ ವೈದ್ಯರನ್ನು ಕೇಳಿಯೇ ಮಾಡಿಸಿ. ಬೇಸಿಗೆಯಲ್ಲಿ ನಮ್ಮ ಊರಿನ ಬಿಸಿಲು ಎಲ್ಲರಿಗೂ ಗೊತ್ತು. ಬೆಳಗಿನ ಹೊತ್ತೇ ಒಳ್ಳೆಯದು.

ತಾಯಂದಿರಿಗೆ ಒಂದು ಮಾತು. ಹೆಣ್ಣುಮಕ್ಕಳು ದೊಡ್ಡವರಾದರು ಎಂದು ಆಟ ನಿಲ್ಲಿಸಬೇಡಿ. ಪ್ರವಾದಿ ಮುಹಮ್ಮದರು (ಸ) ಹಜ್ರತ್ ಆಯಿಶಾ (ರ) ಅವರೊಂದಿಗೆ ಓಟದ ಪಂದ್ಯ ಓಡಿದ್ದು ಹದೀಸ್‌ಗಳಲ್ಲಿ ದಾಖಲಾಗಿದೆ. ಮರ್ಯಾದೆಯ ಉಡುಪಿನಲ್ಲಿ, ಶಾಲೆಯ ಅಂಗಳದಲ್ಲಿ, ಗೆಳತಿಯರ ಜೊತೆ ಆಡುವುದಕ್ಕೆ ಅಡ್ಡಿ ಏನಿದೆ?

ನಮ್ಮ ತಪ್ಪನ್ನು ತಿದ್ದಿಕೊಳ್ಳಲು ಮುಂದಿನ ಅರ್ಜಿಯಲ್ಲಿ ಒಂದು ಪ್ರಶ್ನೆ ಸೇರಿಸುತ್ತಿದ್ದೇವೆ: 'ಮಗು ದಿನಾ ಏನು ಆಡುತ್ತದೆ, ಎಷ್ಟು ಹೊತ್ತು?' ಇದಕ್ಕೆ ಅಂಕವಿಲ್ಲ. ಆಡದ ಮಗುವಿನ ವೇತನವೂ ನಿಲ್ಲುವುದಿಲ್ಲ. ಆಟ ಆಡಿದ್ದಕ್ಕೆ ಸ್ಕಾಲರ್‌ಶಿಪ್ ತಪ್ಪುವುದಿಲ್ಲ ಎಂದು ಪ್ರತಿ ಮನೆಗೂ ಗೊತ್ತಾಗಲಿ ಎಂಬುದೇ ಉದ್ದೇಶ. ದಾನಿಗಳು ಪುಸ್ತಕ, ಶುಲ್ಕದ ಜೊತೆಗೆ ಶಾಲೆಗೊಂದು ಚೆಂಡು, ನಾಲ್ಕು ಹಗ್ಗ ಕೊಡಿಸಿದರೂ ಅದು ವಿದ್ಯಾದಾನವೇ.

ಆ ಹುಡುಗಿ ಇವತ್ತು ಇದೇ ಸಭೆಯಲ್ಲಿದ್ದಾಳೆ. ಮಗಳೇ, ನಿನ್ನ ವೇತನ ಮಂಜೂರಾಗಿದೆ. ನಾಳೆಯಿಂದ ಖೋಖೋ ಆಡು. ಅಲ್ಲಾಹನು ನಮ್ಮ ಮಕ್ಕಳಿಗೆ ವಿದ್ಯೆ, ಆರೋಗ್ಯ ಎರಡನ್ನೂ ಕರುಣಿಸಲಿ. ಆಮೀನ್.