ಬಾಲಿಕೆಯರೂ ಮುಂದಾಳುತನವೂ
(ಚಂದ್ರಗುತ್ತಿಯ ಸಭೆಯಲ್ಲಿ ಮಾಡಿದ ಭಾಷಣ)



ಈ ಗುತ್ತಿಯ ಕೋಟೆಯೂ ಸೇರಿದ್ದ ಕೆಳದಿ ರಾಜ್ಯವನ್ನು ಸುಮಾರು 25 ವರ್ಷ ಆಳಿದವಳು ರಾಣಿ ಚೆನ್ನಮ್ಮಾಜಿ. 1689ರಲ್ಲಿ ಔರಂಗಜೇಬನಿಗೆ ಅಂಜದೆ ರಾಜಾರಾಮನಿಗೆ ಆಶ್ರಯವಿತ್ತವಳೂ ಅವಳೇ. ಈ ಕಥೆಯನ್ನು ಬಾಲಿಕೆಯರಿಗೆ ಹೇಳಿ ನಾವು ಹಿಗ್ಗುತ್ತೇವೆ. ಸಭೆ ಕೂಡಿದೊಡನೆ ಅವರ ಕೈಗೆ ಆರತಿಯ ತಟ್ಟೆಯನ್ನು ಕೊಟ್ಟು, ಅಧ್ಯಕ್ಷಪೀಠವನ್ನು ಗಂಡಸರಲ್ಲೇ ಹಂಚಿಕೊಳ್ಳುತ್ತೇವೆ. (ವಕೀಲರಾದ ನಮ್ಮದೂ ಇದರಲ್ಲಿ ಪಾಲುಂಟು.)

ಅವರಿಗೆ ಮುಂದಾಳಾಗುವ ಆಸೆಯೇ ಇಲ್ಲವೆಂಬ ಮಾತನ್ನು ನಾವು ಒಪ್ಪೆವು. ಮೊದಲ ಏಕೀಕರಣ ಪರಿಷತ್ತು ನೆರೆದ ಬೆಳಗಾವಿಯಲ್ಲಿಯೇ, 1924ರ ಕಾಂಗ್ರೆಸ್ ಅಧಿವೇಶನಕ್ಕೆ ಉಮಾಬಾಯಿ ಕುಂದಾಪುರರವರು ಸ್ವಯಂಸೇವಕಿಯರ ಪಡೆಯನ್ನು ಕಟ್ಟಿ ನಡೆಸಿದರು. ಅದರಲ್ಲಿ ವಿಧವೆಯರೂ ಇದ್ದರು. ಕರೆದವರಿದ್ದರು, ಬಂದರು.

ಉಪಾಧ್ಯಾಯರೇ, ಮುಂದಿನ ಚರ್ಚಾಕೂಟಕ್ಕೆ ಒಬ್ಬ ಬಾಲಿಕೆಯನ್ನೇ ಅಧ್ಯಕ್ಷೆಯನ್ನಾಗಿ ಆರಿಸಿರಿ. ನಾವು ಕೆಳಗೆ ಕುಳಿತು ಕೇಳುವೆವು.