ಹೇಗುಂಟು ನಿಮ್ಮ ಕೋವಿ?

ಕನ್ನಡದಲ್ಲಿ ಕೋವಿ, ತುಳುವಿನಲ್ಲಿ ಬೆಡಿ, ಮಲಯಾಳದಲ್ಲಿ ತೋಕ್ಕು. ಹೆಸರು ಯಾವುದಾದರೂ ಆಗಲಿ, ನಮ್ಮ ಕಾಸರಗೋಡಿನ ಗುಡ್ಡದ ಬದಿಯ ಮನೆಗಳಲ್ಲಿ ಅದಕ್ಕೆ ಇಂದು ಉಳಿದಿರುವ ಕೆಲಸ ಒಂದೇ, ಬೆಳೆ ಕಾಯುವುದು. ಶೋಕಿಯ ಬೇಟೆಯ ಕಾಲ ಮುಗಿದು ಎಷ್ಟೋ ವರ್ಷಗಳಾದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಕಡಿವಾಣ ಹಾಕಿತು. 1991ರ ತಿದ್ದುಪಡಿ, ಲೈಸೆನ್ಸು ಪಡೆದು ಬೇಟೆಯಾಡುವ ದಾರಿಯನ್ನೂ ಮುಚ್ಚಿತು. ಈಗ ಕೋವಿಯ ನೆನಪಾಗುವುದು ಹಂದಿಗಳು ಮರಗೆಣಸಿನ ಸಾಲನ್ನು ಉತ್ತುಹಾಕಿ, ಎಳೆಯ ಅಡಿಕೆ ಸಸಿಗಳನ್ನು ಬುಡಮೇಲು ಮಾಡಿ ಹೋದ ಬೆಳಗ್ಗೆ.

ಕೋವಿ ಇದ್ದವರನ್ನು ಮಾತಾಡಿಸಿ ನೋಡಿ. "ಹೇಗುಂಟು ನಿಮ್ಮದು?" ಎಂದು ಕೇಳಿದರೆ ಸಾಕು, ಚಾ ತಣಿಯುವವರೆಗೆ ಮಾತು ನಿಲ್ಲುವುದಿಲ್ಲ. ತಮ್ಮ ಕೋವಿಯನ್ನು ಹಳಿಯುವವರು ಅಪರೂಪ. ಹೆಣ್ಣು ನೋಡಲು ಬಂದವರೆದುರು ಮಗಳ ಗುಣ ಹೇಳಿದ ಹಾಗೆ ಹೇಳುತ್ತಾರೆ. ಆದರೆ ಎರಡನೆಯ ಸಲ ಕೇಳಿದಾಗ ಕೊರತೆಗಳೂ ಒಂದೊಂದಾಗಿ ಹೊರಬರುತ್ತವೆ. ಹಾಗೆ ಹೊರಬಂದ ಮಾತುಗಳನ್ನೇ ಇಂದು ನಿಮ್ಮ ಮುಂದಿಡುತ್ತೇನೆ, ಮುಖ್ಯವಾಗಿ 315 ರೈಫಲಿನ ಬಗ್ಗೆ. ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು 12 ಬೋರಿನ ತೋಟೆಕೋವಿ. ಆದರೂ "ಒಂದು ರೈಫಲ್ ಇದ್ದರೆ!" ಎಂಬ ಆಸೆ ಬಹಳ ಜನರಲ್ಲಿದೆ.

ಮೊದಲು ಆ ರೈಫಲಿನ ಕುಲಗೋತ್ರ ತಿಳಿಯೋಣ. ಬಂಗಾಳದ ಇಶಾಪುರದ ಸರಕಾರಿ ರೈಫಲ್ ಕಾರ್ಖಾನೆಯಲ್ಲಿ ಅದು ತಯಾರಾಗುವುದು. ಬ್ರಿಟಿಷರ ಕಾಲದಲ್ಲಿ ಸೈನ್ಯದ ರೈಫಲ್ 303. ಅದರ ತೋಟೆ ಜನರ ಕೈಗೆ ಸಿಗಬಾರದು ಎಂದು ಆ ಅಳತೆಯನ್ನು ಸಾಮಾನ್ಯರಿಗೆ ನಿಷೇಧಿಸಿದರು. ಆಗ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲಿನ ಯಂತ್ರವನ್ನೇ ಇಟ್ಟುಕೊಂಡು, ಆಸ್ಟ್ರಿಯಾ ದೇಶದ ಮಾನ್ಲಿಕರ್ ರೈಫಲಿನ ಎಂಟು ಮಿಲಿಮೀಟರ್ ತೋಟೆಗೆ ಹೊಂದುವ ನಳಿಗೆ ಜೋಡಿಸಿ ಮಾರಿದರು. ಇಂಗ್ಲೆಂಡಿನ ಬಿ.ಎಸ್.ಎ. ಕಂಪೆನಿಯೂ ಅಂಥವನ್ನು ಇಲ್ಲಿಗೆ ಕಳಿಸುತ್ತಿತ್ತು. ಹೀಗೆ, ಜನರ ಮೇಲಿನ ಅಪನಂಬಿಕೆಯಿಂದ ಹುಟ್ಟಿದ ಈ ಅಳತೆ ಸ್ವಾತಂತ್ರ್ಯ ಬಂದ ಮೇಲೂ ನಮ್ಮಲ್ಲೇ ಉಳಿಯಿತು.

ಇನ್ನು ಇಟ್ಟುಕೊಂಡವರ ಮಾತು. ಎಲ್ಲರೂ ಒಪ್ಪುವ ಗುಣ ಗಟ್ಟಿತನ. ಮಣ್ಣು, ಕೆಸರು, ಮಳೆ ಯಾವುದಕ್ಕೂ ಜಗ್ಗುವುದಿಲ್ಲ. ಎರಡು ಮಹಾಯುದ್ಧಗಳ ಕಂದಕಗಳಲ್ಲಿ ಪಳಗಿದ ಯಂತ್ರವಲ್ಲವೆ! ಗುಂಡು ಭಾರವಾದದ್ದು, ಸುಮಾರು ಹದಿನಾರು ಗ್ರಾಮ್. ಸರಿಯಾದ ಜಾಗಕ್ಕೆ ಬಿದ್ದರೆ ದೊಡ್ಡ ಒಂಟಿ ಹಂದಿಯೂ ಹೆಚ್ಚು ದೂರ ಹೋಗುವುದಿಲ್ಲ. ನೂರು ಗಜದೊಳಗೆ ನಂಬಬಹುದು ಎನ್ನುತ್ತಾರೆ.

ದೂರುಗಳೂ ಇವೆ. ಹೊಸದರಲ್ಲಿ ಬೋಲ್ಟು ಬಿಗಿ, ಎಳೆದು ಎಳೆದು ಪಳಗಿಸಬೇಕು. ಕುದುರೆ, ಅಂದರೆ ಟ್ರಿಗರು, ಗಡಸು. ಹಿಡಿಯ ಮರದ ಕೆಲಸ ಒರಟು. ಕೆಲವರು ಮರಳುಕಾಗದ ಹಿಡಿದು ತಾವೇ ಉಜ್ಜಿ ಎಣ್ಣೆ ಕುಡಿಸಿದ್ದಾರೆ. ಎದುರಿನ ಗುರಿಮಣಿ ಒಂದು ಕೂದಲಿನಷ್ಟು ಓರೆಯಾಗಿದ್ದರೂ ಗುಂಡು ಗೇಣುಗಟ್ಟಲೆ ತಪ್ಪುತ್ತದೆ, ಅದನ್ನು ಬಲ್ಲವರ ಕೈಯಲ್ಲಿ ಸರಿಪಡಿಸಿಕೊಳ್ಳಬೇಕು. ಹಳೆಯ ಬಿ.ಎಸ್.ಎ. ಇದ್ದವರು ಮಾತ್ರ ಈ ಮಾತು ಬಂದಾಗ ಸುಮ್ಮನೆ ನಗುತ್ತಾರೆ.

ಇನ್ನೊಂದು ದೂರು ಸಿಕ್ಕಿಕೊಳ್ಳುವುದು. ಬೋಲ್ಟು ಎಳೆದು ತಳ್ಳಿದಾಗ ತೋಟೆ ಅರ್ಧದಲ್ಲೇ ನಿಲ್ಲುತ್ತದೆ. ಇದಕ್ಕೆ ಕಾರ್ಖಾನೆಯನ್ನು ಬೈಯುವವರು ತೋಟೆಯ ಬುಡ ನೋಡಬೇಕು. ಈ ತೋಟೆಗೆ ಬುಡದಲ್ಲಿ ಅಂಚು ಉಂಟು. ಮ್ಯಾಗಜೀನಿಗೆ ತುಂಬುವಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಅವಸರದಲ್ಲಿ, ಕತ್ತಲೆಯಲ್ಲಿ, ಹಂದಿ ಎದುರಿಗೆ ಇರುವಾಗ ಈ ಪಾಠ ಕಲಿಯಲಾಗದು. ಹಗಲಲ್ಲೇ ಬೆರಳಿಗೆ ಅಭ್ಯಾಸವಾಗಿರಬೇಕು.

ಅಭ್ಯಾಸ ಎಂದೆ. ನಿಜವಾದ ಕೊರತೆ ಇರುವುದು ಇಲ್ಲೇ. ತೋಟೆಗೆ ಹಣ ಬೇಕು, ಕೊಳ್ಳುವ ಲೆಕ್ಕ ಲೈಸೆನ್ಸಿನಲ್ಲಿ ಬರೆದಿರುತ್ತದೆ. ಹಾಗಾಗಿ ಯಾರೂ ಗುರಿ ಕಲಿಯಲು ಒಂದು ತೋಟೆಯನ್ನೂ ಖರ್ಚು ಮಾಡುವುದಿಲ್ಲ. ವರ್ಷಕ್ಕೊಮ್ಮೆ ಹೊಡೆಯುವವನಿಗೆ ಗುರಿ ತಪ್ಪಿದರೆ "ಕೋವಿ ಸರಿ ಇಲ್ಲ" ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಹಳೆಯ ತೋಟೆಗಳನ್ನು ಪೆಟ್ಟಿಗೆಯಲ್ಲಿ ಕೂಡಿಟ್ಟು, ಅವು ಠುಸ್ಸೆಂದಾಗಲೂ ಅದೇ ಮಾತು. ಕುದುರೆ ಎಳೆದರೂ ಹಾರದಿದ್ದರೆ ಕೂಡಲೇ ಬೋಲ್ಟು ತೆರೆಯಬೇಡಿ. ಬಾಯಿ ನೆಲದ ಕಡೆಗಿಟ್ಟು ಅರ್ಧ ನಿಮಿಷ ಕಾಯಿರಿ. ತಡವಾಗಿ ಹಾರುವ ತೋಟೆಗಳೂ ಇವೆ.

ಈಗ ನನ್ನ ಅಭಿಪ್ರಾಯ ಹೇಳಬೇಕು. ರೈಫಲ್ ಒಳ್ಳೆಯದೇ. ಆದರೆ ಅದು ನಮ್ಮ ತೋಟಗಳಿಗೆ ಹೊಂದುವ ಸಾಮಾನಲ್ಲ. ತಪ್ಪಿದ ರೈಫಲ್ ಗುಂಡು ಎರಡು ಮೂರು ಕಿಲೋಮೀಟರು ಹೋಗಬಲ್ಲದು. ನಮ್ಮಲ್ಲಿ ಒಂದು ಕೂಗಿನ ದೂರಕ್ಕೆ ಇನ್ನೊಂದು ಮನೆ. ಅಂಗಳದಲ್ಲಿ ಅಡಿಕೆ ಸುಲಿಯುವವರು, ಬೆಳಗ್ಗೆ ನಾಲ್ಕು ಗಂಟೆಗೆ ರಬ್ಬರು ಟ್ಯಾಪಿಂಗಿಗೆ ತಲೆದೀಪ ಕಟ್ಟಿಕೊಂಡು ಹೊರಡುವವರು. ಮುರಕಲ್ಲಿಗೆ ತಾಗಿದ ಗುಂಡು ಎತ್ತ ತಿರುಗುವುದೆಂದು ಹೇಳಬಲ್ಲವರಿಲ್ಲ. ಹಿಂದೆ ಮಣ್ಣಿನ ಬರೆ ಇದ್ದು, ಎತ್ತರದ ಅಟ್ಟಣೆಯಿಂದ ಕೆಳಮುಖವಾಗಿ ಹೊಡೆಯುವುದಾದರೆ ಸರಿ. ಅಂಥ ಜಾಗ ಎಷ್ಟು ಮನೆಗಳಲ್ಲುಂಟು?

ಆದ್ದರಿಂದ 12 ಬೋರನ್ನು ಕಡೆಗಣಿಸಬೇಡಿ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಉಂಡೆ ಮಾಡಿದರೆ ಒಂದು ಉಂಡೆ ಹಿಡಿಸುವಷ್ಟು ಅಗಲದ ನಳಿಗೆ, ಅದಕ್ಕೇ ಆ ಹೆಸರು. ದೊಡ್ಡ ಚರೆಯ ಎಲ್.ಜಿ. ತೋಟೆ ಇದ್ದು, ಮೂವತ್ತು ಹೆಜ್ಜೆಯೊಳಗೆ ಹಂದಿ ಅಡ್ಡವಾಗಿ ನಿಂತಿದ್ದರೆ ಅಷ್ಟೇ ಸಾಕು. ಅದಕ್ಕಿಂತ ದೂರಕ್ಕೆ ಹೊಡೆದರೆ ಚರೆ ಚದರಿ ಪ್ರಾಣಿ ಗಾಯಗೊಂಡು ಓಡುತ್ತದೆ. ಗಾಯದ ಹಂದಿ ಮರುದಿನ ಹುಲ್ಲು ಕೊಯ್ಯಲು ಹೋದ ಹೆಂಗಸಿನ ಮೇಲೆ ಬೀಳಬಹುದು. ಅಜ್ಜಂದಿರ ಕೇಪಿನ ಕೋವಿಗೆ ಒಂದೇ ಈಡು. ಎರಡನೆಯದಕ್ಕೆ ಮದ್ದು ತುಂಬಿ ಜಡಿಯುವಷ್ಟರಲ್ಲಿ ಹಂದಿ ಗುಡ್ಡದಾಚೆ. ಅದಕ್ಕೇ ಅವರು ಹತ್ತಿರ ಬರುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಐದು ತೋಟೆಯ ಮ್ಯಾಗಜೀನು ಬಂದ ಮೇಲೆ ಆ ತಾಳ್ಮೆ ಕಡಿಮೆಯಾಗಿದೆ ಎಂದು ರೈಫಲ್ ಇದ್ದವರೇ ಒಪ್ಪುತ್ತಾರೆ.

ಕಾನೂನಿನ ಮಾತು ಎರಡೇ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಪಂಚಾಯತು ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನರ ಅಧಿಕಾರ ಕೊಟ್ಟು, ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಲೈಸೆನ್ಸು ಇದ್ದವರಿಂದ ಕೊಲ್ಲಿಸಲು ದಾರಿ ಮಾಡಿತು. ವಿಷ, ಸ್ಫೋಟಕ, ವಿದ್ಯುತ್ ತಂತಿ ಕೂಡದು. ಮಾಂಸಕ್ಕೆ ಆಸೆಪಡುವಂತಿಲ್ಲ. ಇಂಥ ಆದೇಶಗಳ ಅವಧಿ ಬದಲಾಗುತ್ತಾ ಇರುತ್ತದೆ, ಆದ್ದರಿಂದ ಹೊಡೆಯುವ ಮೊದಲು ಪಂಚಾಯತು ಕಚೇರಿಯಲ್ಲಿ ಕೇಳಿಕೊಳ್ಳಿ. ಎರಡನೆಯದು ಗಡಿಯವರಾದ ನಮಗೆ ಮಾತ್ರ ಬರುವ ತಾಪತ್ರಯ. ಹಂದಿಗೆ ರಾಜ್ಯದ ಗಡಿ ಗೊತ್ತಿಲ್ಲ. ಎಷ್ಟೋ ಮನೆಗಳ ತೋಟ ಇಲ್ಲಿ, ಗುಡ್ಡ ಕರ್ನಾಟಕದ ಕಡೆಯಲ್ಲಿ. ಇಲ್ಲಿನ ಅಧ್ಯಕ್ಷರ ಅನುಮತಿ ತೋಡು ದಾಟಿದೊಡನೆ ಮುಗಿಯಿತು. ಲೈಸೆನ್ಸು ಯಾವ ಪ್ರದೇಶಕ್ಕೆ ಎಂದು ಅದರಲ್ಲೇ ಬರೆದಿರುತ್ತದೆ, ಓದಿ ನೋಡಿ. ಗಾಯಗೊಂಡ ಹಂದಿಯನ್ನು ಕೋವಿ ಹಿಡಿದು ಆಚೆಗೆ ಅಟ್ಟಿಕೊಂಡು ಹೋಗಬೇಡಿ, ಅಲ್ಲಿಯವರಿಗೆ ತಿಳಿಸಿ. ಕೊಡಗಿನ ನೆಂಟರ ಮನೆಯಲ್ಲಿ ಲೈಸೆನ್ಸಿಲ್ಲದೆ ಕೋವಿ ಇರುವುದನ್ನು ನೋಡಿ ಬಂದವರು ಹೋಲಿಕೆ ಮಾಡಬೇಡಿ. ಅದು ಕೊಡವರಿಗೂ ಜಮ್ಮಾ ಭೂಮಿಯವರಿಗೂ ಇರುವ ವಿಶೇಷ ವಿನಾಯಿತಿ.

ಕೊನೆಗೆ ತುಕ್ಕಿನ ಮಾತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಿದು. ಚುನಾವಣೆ ಬಂತೆಂದರೆ ಠಾಣೆಯಲ್ಲಿ ಇಟ್ಟು ಬಂದ ಕೋವಿ ಮರಳುವಾಗ ನಳಿಗೆಯೊಳಗೆ ಕೆಂಪು ಹಿಡಿದಿರುವುದುಂಟು. ಕೊಡುವ ಮೊದಲು ಒಳಗೂ ಹೊರಗೂ ದಪ್ಪಗೆ ಗ್ರೀಸು ಸವರಿ, ರಸೀದಿ ತೆಗೆದುಕೊಳ್ಳಿ. ಮರಳಿ ಬಂದ ಮೇಲೆ ಆ ಗ್ರೀಸನ್ನು ಪೂರ್ತಿ ಒರಸಿ, ಬೋಲ್ಟು ಕಳಚಿ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡದೆ ತೋಟೆ ಹಾಕಬೇಡಿ. ಕಣಜದ ಹುಳ ಗೂಡು ಕಟ್ಟಿದ ನಳಿಗೆಯೂ ಇರುತ್ತದೆ. ಕೇಪಿನ ಕೋವಿಯವರು ಹೊಡೆದ ದಿನವೇ ಕುದಿನೀರು ಹೊಯ್ದು ತೊಳೆದು, ಒಣಗಿಸಿ, ತೆಂಗಿನೆಣ್ಣೆಯ ಬದಲು ಯಂತ್ರದ ಎಣ್ಣೆ ಹಾಕಿ. ತೆಂಗಿನೆಣ್ಣೆ ಚಳಿಗೆ ಗಟ್ಟಿಯಾಗಿ ಕುದುರೆ ಹಿಡಿದುಕೊಳ್ಳುತ್ತದೆ.