ಕ್ರೀಡಾಮಹೋತ್ಸವದ ಆಯವ್ಯಯ



ಮನೆಗೆ ನಂಟರು ಬರುವರೆಂದು ತಿಳಿದೊಡನೆ ನಾವು ಗೋಡೆಗೆ ಸುಣ್ಣ ಬಳಿಯುತ್ತೇವೆ. ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತೇವೆ. ಕೈಯಲ್ಲಿ ಹಣವಿಲ್ಲದಿದ್ದರೆ ಸಾಲವನ್ನೂ ಮಾಡುತ್ತೇವೆ. ನಂಟರು ಹೊರಟುಹೋದ ಮೇಲೆ ಸುಣ್ಣವು ಉಳಿಯುವುದೊ ಸಾಲವು ಉಳಿಯುವುದೊ ಎಂಬುದೇ ಗೃಹಸ್ಥನ ಜಾಣ್ಮೆಯ ಪರೀಕ್ಷೆ. ರಾಷ್ಟ್ರಗಳು ಅಂತರರಾಷ್ಟ್ರೀಯ ಕ್ರೀಡಾಮಹೋತ್ಸವಗಳನ್ನು ತಮ್ಮಲ್ಲಿಗೆ ಕರೆಯುವಾಗಲೂ ಇದೇ ಪರೀಕ್ಷೆಯು ಒದಗುತ್ತದೆ. 2030ನೆಯ ಇಸವಿಯ ಕಾಮನ್‌ವೆಲ್ತ್ ಕ್ರೀಡೆಗಳನ್ನು ಅಹಮದಾಬಾದಿಗೆ ಒಪ್ಪಿಸಿರುವುದರಿಂದ ಈ ವಿಚಾರವು ನಮಗೆ ದೂರದ್ದಲ್ಲ.

1976ರಲ್ಲಿ ಒಲಿಂಪಿಕ್ ಕ್ರೀಡೆಗಳನ್ನು ನಡೆಯಿಸಿದ ಕೆನಡಾದ ಮಾಂಟ್ರಿಯಲ್ ನಗರದ ಕ್ರೀಡಾಂಗಣದ ಸಾಲವು ತೀರಿದುದು 2006ರಲ್ಲಿ. ಎರಡು ವಾರಗಳ ಆಟಕ್ಕೆ ಮೂವತ್ತು ವರ್ಷಗಳ ಋಣ! 1984ರಲ್ಲಿ ಲಾಸ್ ಏಂಜಲೀಸ್ ನಗರವಾದರೋ 1932ರ ಒಲಿಂಪಿಕ್ಸ್ ನಡೆದಿದ್ದ ಹಳೆಯ ಕ್ರೀಡಾಂಗಣವನ್ನೇ ಮತ್ತೆ ಬಳಸಿತು. ಅದಕ್ಕೆ ಹಣವು ಮಿಕ್ಕಿತು. 1997ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರೀಡೆಗಳು ನಡೆದಾಗ ಕೋರಮಂಗಲದಲ್ಲಿ ಕ್ರೀಡಾಪಟುಗಳಿಗಾಗಿ ಕಟ್ಟಿದ ಗ್ರಾಮವು ಅನಂತರ ಸಂಸಾರಸ್ಥರ ವಸತಿಯಾಯಿತು. ಭೇದವು ಆಟದಲ್ಲಿಲ್ಲ, ಮುಂದಾಲೋಚನೆಯಲ್ಲಿದೆ.

ಅದೇ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದುದು ಕೊಪ್ಪಳ. ಇಲ್ಲಿಗೆ ಯಾವ ಒಲಿಂಪಿಕ್ಸೂ ಬಂದಿಲ್ಲ. ಆದರೂ ಕ್ರೀಡೆಯ ನಂಟರು ಬಂದಿದ್ದಾರೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಣಾಪುರ, ವಿರೂಪಾಪುರಗಡ್ಡೆಗಳ ಹೆಬ್ಬಂಡೆಗಳನ್ನು ಹಗ್ಗವಿಲ್ಲದೆ ಬರಿಗೈಯಿಂದ ಏರುವುದಕ್ಕಾಗಿ ದೇಶದೇಶಗಳ ಸಾಹಸಿಗಳು ಬರತೊಡಗಿದರು. ಅಮೆರಿಕದ ಕ್ರಿಸ್ ಶರ್ಮಾ ಎಂಬ ಪ್ರಸಿದ್ಧ ಆರೋಹಿಯು ಹಂಪೆಯ ಪರಿಸರದ ಬಂಡೆಗಳನ್ನೇರಿದ ಚಲಚ್ಚಿತ್ರವು 2003ರಲ್ಲಿ ಹೊರಬಂದ ಮೇಲೆ ಈ ಕಲ್ಲುಗಳ ಕೀರ್ತಿಯು ಮತ್ತಷ್ಟು ಹಬ್ಬಿತು. ನೆಲ್ಲಿನ ಗದ್ದೆಗಳ ಪಕ್ಕದಲ್ಲಿ ವಸತಿಗೃಹಗಳೂ ಊಟದ ಮನೆಗಳೂ ಎದ್ದವು. ಹರಿಗೋಲಿನವನಿಗೂ ಅಡಿಗೆಯವನಿಗೂ ನಾಲ್ಕು ಕಾಸು ಸಿಕ್ಕಿತು.

ಆದರೆ ಆ ನೆಲವು 1988ರಿಂದಲೇ ಸಂರಕ್ಷಿತ ಪ್ರದೇಶವಾಗಿದ್ದಿತು. ಕಟ್ಟಡಗಳು ಅಪ್ಪಣೆಯಿಲ್ಲದವೆಂದು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಮುಂದಿನ ತಿಂಗಳಲ್ಲಿಯೇ ಅವು ನೆಲಸಮವಾದವು. ಹಂಪೆಯ ಸ್ಮಾರಕ ಸಮುದಾಯವು ಜಗತ್ತಿನ ಆಸ್ತಿ. ಅದನ್ನು ಉಳಿಸಿದುದು ಯುಕ್ತವೇ. ಆದರೆ ವ್ಯಾಪಾರವು ಬೆಳೆಯುತ್ತಿರುವಾಗ ಯಾರೂ ತಡೆಯದೆ, ಬೆಳೆದು ನಿಂತ ಮೇಲೆ ಕೆಡವಿದರೆ, ಮಾಲೀಕನ ಬಂಡವಾಳದೊಡನೆ ಕೆಲಸದವನ ಅನ್ನವೂ ಹೋಗುತ್ತದೆ. ಅತಿಥಿಗಳನ್ನು ಕರೆಯುವ ಮೊದಲೇ ನಿಯಮವು ಸ್ಪಷ್ಟವಾಗಿರಬೇಕೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವು ಬೇಕಿಲ್ಲ.

ಇನ್ನೊಂದು ಮಾತು. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಒಕ್ಕಲು ಮಕ್ಕಳು ಗುಳೆ ಹೊರಟು ದೊಡ್ಡ ನಗರಗಳಲ್ಲಿ ಕಲ್ಲು ಮಣ್ಣು ಹೊರುತ್ತಾರೆ. ಮಹಾಕ್ರೀಡಾಂಗಣಗಳನ್ನು ಕಟ್ಟುವವರು ಇಂತಹವರೇ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡೆಗಳ ಕಾಲದಲ್ಲಿ ಕೂಲಿಕಾರರ ಕೂಲಿ ಮತ್ತು ವಸತಿಗಳ ದೂರು ಉಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಪದಕಗಳ ಪಟ್ಟಿಯಲ್ಲಿ ಇವರ ಹೆಸರಿಲ್ಲ. ಆದರೆ ಆಯವ್ಯಯದ ಪಟ್ಟಿಯಲ್ಲಾದರೂ ಇರಬೇಡವೆ?

ಬಹುಜನರಿಗೆ ಆತಿಥ್ಯ ಮಾಡುವ ಬಗೆಯನ್ನು ಈ ಸೀಮೆಯು ಅರಿಯದೆ ಇಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನರು ನೆರೆಯುತ್ತಾರೆ. ದಾಸೋಹಕ್ಕೆ ಹಳ್ಳಿ ಹಳ್ಳಿಗಳಿಂದ ಜೋಳದ ರೊಟ್ಟಿಗಳು ಬಂಡಿಯಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಬರುತ್ತವೆ. ಒಬ್ಬೊಬ್ಬ ತಾಯಿಯೂ ತನ್ನ ಶಕ್ತಿಯಿದ್ದಷ್ಟು ತಟ್ಟುತ್ತಾಳೆ, ಭಾರವು ಹಂಚಿಹೋಗುತ್ತದೆ. ಜಾತ್ರೆ ಮುಗಿದ ಮೇಲೆ ಊರಿಗೆ ಉಳಿಯುವುದು ಸಂತೋಷವೇ ಹೊರತು ಸಾಲವಲ್ಲ. ಕ್ರೀಡಾಮಹೋತ್ಸವವು ಜಾತ್ರೆಯಲ್ಲ, ನಿಜ. ಆದರೂ ಭಾರ ಹೊರುವವನಿಗೆ ಸಂತೋಷದಲ್ಲಿ ಪಾಲಿರಬೇಕೆಂಬ ನೀತಿಯು ಎರಡಕ್ಕೂ ಒಂದೇ.

ಆದುದರಿಂದ ಇಂತಹ ಉತ್ಸವಗಳಿಗೆ ಜಯಘೋಷ ಮಾಡುವ ಮುನ್ನ ನಾಗರಿಕರಾದ ನಾವು ಮೂರು ಪ್ರಶ್ನೆಗಳನ್ನು ಕೇಳೋಣ. ಕಟ್ಟಿದುದು ನಾಳೆ ಯಾರಿಗೆ ಉಪಯೋಗ? ಕಟ್ಟಿದವನಿಗೆ ಸಂದ ಕೂಲಿ ಎಷ್ಟು? ರಾಜಧಾನಿಯ ಕ್ರೀಡಾಂಗಣಕ್ಕೆ ತೆರಿಗೆ ತೆತ್ತ ಯಲಬುರ್ಗಾದ ರೈತನ ಮಗನಿಗೆ ಅವನ ಶಾಲೆಯ ಮುಂದೆ ಆಡಲು ಒಂದು ಬಯಲಾದರೂ ದೊರೆಯಿತೆ? ಈ ಮೂರಕ್ಕೂ ತೃಪ್ತಿಕರವಾದ ಉತ್ತರವು ದೊರೆತರೆ ನಂಟರನ್ನು ಧಾರಾಳವಾಗಿ ಕರೆಯೋಣ.